ನಿಮಗಿದು ಗೊತ್ತೇ? ಚೀನಾಕ್ಕೆ ಹೋದ ಇಂಗ್ಲಿಷ್ ಮೇಷ್ಟ್ರು

● ಇಂಗ್ಲಿಷ್ ಕಲಿಸಲೆಂದು ಚೀನಾಕ್ಕೆ ಬಂದ ಪರದೇಶದವರನ್ನು ಅಲ್ಲಿ ‘ವಾಯ್‌ಜಿಯಾವ್’ ಎನ್ನುತ್ತಾರೆ. ಹೊರಗಿನ ಶಿಕ್ಷಕ ಎಂದು ಅರ್ಥ. ಅದೇ ಊರಲ್ಲಿ ಹತ್ತು ವರ್ಷ ಬಾಳಿ, ಸಂತೆಯಲ್ಲಿ ಚೀನೀ ಭಾಷೆಯಲ್ಲೇ ಚೌಕಾಸಿ ಮಾಡುವಷ್ಟು ಪಳಗಿದರೂ ‘ಹೊರಗಿನ’ ಎಂಬುದು ಕಳಚುವುದಿಲ್ಲ. ಆದರೆ ತರಗತಿಗೆ ಕಾಲಿಟ್ಟೊಡನೆ ಐವತ್ತು ಮಕ್ಕಳು ಒಟ್ಟಿಗೆ ಎದ್ದು ನಿಂತು ‘ಲಾವ್‌ಶಿ ಹಾವ್’ ಎನ್ನುತ್ತಾರೆ, ಅಂದರೆ ‘ನಮಸ್ಕಾರ ಮೇಷ್ಟ್ರೇ’. ಬೇಕಾದ ಗುರು, ಆದರೆ ಸದಾ ಅತಿಥಿ. ನೂರಾ ಅರವತ್ತು ವರ್ಷಗಳಿಂದ ಈ ಸಂಬಂಧ ಹೀಗೆಯೇ ನಡೆದುಬಂದಿದೆ.

● ನೂರಾ ಅರವತ್ತರ ಲೆಕ್ಕ ಎಲ್ಲಿಂದ? 1862ರಲ್ಲಿ ಚಿಂಗ್ ಅರಸರ ಸರಕಾರ ಬೀಜಿಂಗ್‌ನಲ್ಲಿ ‘ತೊಂಗ್‌ವೆನ್ ಗ್ವಾನ್’ ಎಂಬ ಭಾಷಾ ಶಾಲೆ ತೆರೆಯಿತು. ಅಫೀಮು ಯುದ್ಧಗಳಲ್ಲಿ ಸೋತ ಮೇಲೆ, ಒಪ್ಪಂದದ ಕಾಗದಗಳನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲ ಸ್ವಂತ ಜನ ಬೇಕೆಂದು ಆಸ್ಥಾನಕ್ಕೆ ಮನವರಿಕೆಯಾಗಿತ್ತು. ಮೊದಲ ಇಂಗ್ಲಿಷ್ ಶಿಕ್ಷಕರು ಜಾನ್ ಬರ್ಡನ್ ಎಂಬ ಬ್ರಿಟಿಷ್ ಪಾದ್ರಿ. ವಿದ್ಯಾರ್ಥಿಗಳು ಕೇವಲ 10 ಮಂದಿ. ಭಾಷೆ ಕಲಿಸಬಹುದು, ಮತಪ್ರಚಾರ ಮಾಡುವಂತಿಲ್ಲ ಎಂಬ ಷರತ್ತಿನ ಮೇಲೆ ಅವರನ್ನು ಸೇರಿಸಿಕೊಳ್ಳಲಾಗಿತ್ತು. ಇಂದು ಚೀನಾದ ಕಾಲೇಜಿಗೆ ಸೇರುವ ವಿದೇಶಿ ಶಿಕ್ಷಕರು ಸಹಿ ಹಾಕುವ ಕರಾರಿನಲ್ಲೂ ಧಾರ್ಮಿಕ ಚಟುವಟಿಕೆ ಕೂಡದು ಎಂಬ ಕಲಮು ಇರುತ್ತದೆ.

● ಇಂಗ್ಲಿಷ್ ಚೆನ್ನಾಗಿ ಬಂದರೆ ಸಾಕು, ಕೆಲಸ ಸಿಗುತ್ತದೆ ಎಂದುಕೊಂಡಿರಾ? ಸಾಲದು. 2017ರಿಂದ ಇಡೀ ದೇಶದಲ್ಲಿ ಜಾರಿಗೆ ಬಂದ ವ್ಯವಸ್ಥೆಯಲ್ಲಿ ವಿದೇಶಿ ಕೆಲಸಗಾರರನ್ನು ‘ಎ’, ‘ಬಿ’, ‘ಸಿ’ ಎಂದು ಮೂರು ದರ್ಜೆ ಮಾಡಿ ಅಂಕ ಹಾಕುತ್ತಾರೆ. 85 ಅಂಕ ಮುಟ್ಟಿದರೆ ‘ಎ’, 60 ಮುಟ್ಟಿದರೆ ‘ಬಿ’. ಭಾಷಾ ಶಿಕ್ಷಕರು ಬಹುಪಾಲು ‘ಬಿ’ ದರ್ಜೆಯವರು. ಕಲಿಸುವ ಭಾಷೆ ಅವರ ಮಾತೃಭಾಷೆಯೇ ಆಗಿರಬೇಕು, ಜೊತೆಗೆ ಪದವಿ ಬೇಕು, ಎರಡು ವರ್ಷದ ಅನುಭವವೋ ಬೋಧನಾ ತರಬೇತಿಯ ಪ್ರಮಾಣಪತ್ರವೋ ಬೇಕು. ರೂಢಿಯಲ್ಲಿ ಮಾತೃಭಾಷೆಯ ದೇಶಗಳೆಂದರೆ ಏಳೇ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಭಾರತ ಈ ಪಟ್ಟಿಯಲ್ಲಿಲ್ಲ. ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದಲ್ಲೇ ಓದಿ ಇಂಗ್ಲಿಷ್ ಎಂ.ಎ. ಮುಗಿಸಿದ ಬೆಂಗಳೂರಿನ ಉಪನ್ಯಾಸಕಿಗಿಂತ, ಬೇರಾವುದೋ ವಿಷಯದಲ್ಲಿ ಪದವಿ ಪಡೆದ ಅಮೆರಿಕದ ಯುವಕನಿಗೆ ಆ ಬಾಗಿಲು ಸಲೀಸಾಗಿ ತೆರೆಯುತ್ತದೆ. ಕಲಿಸುವ ಕಸುಬನ್ನು ಪಾಸ್‌ಪೋರ್ಟ್ ನೋಡಿ ಅಳೆಯುವುದು ಸರಿಯಲ್ಲ ಎಂದು ಈ ಅಂಕಣಕಾರನ ದೃಢವಾದ ಅಭಿಪ್ರಾಯ.

● ಹಾಗೆಂದು ಭಾರತೀಯರು ಕಲಿಸಿಯೇ ಇಲ್ಲವೆಂದಲ್ಲ. ಪತ್ರಕರ್ತೆ ಪಲ್ಲವಿ ಅಯ್ಯರ್ 2002ರಲ್ಲಿ ಬೀಜಿಂಗ್‌ಗೆ ಹೋದದ್ದು ಅಲ್ಲಿನ ಪ್ರಸಾರ ವಿದ್ಯಾಸಂಸ್ಥೆಯಲ್ಲಿ ಮುಂದಿನ ಪೀಳಿಗೆಯ ಸುದ್ದಿಗಾರರಿಗೆ ಇಂಗ್ಲಿಷ್ ಕಲಿಸುವುದಕ್ಕೆ. ಮರುವರ್ಷವೇ ಸಾರ್ಸ್ ಜ್ವರ ನಗರವನ್ನು ಮುತ್ತಿತು. ಆ ತರಗತಿಗಳ ಅನುಭವ ಅವರ ‘ಸ್ಮೋಕ್ ಅಂಡ್ ಮಿರರ್ಸ್’ ಪುಸ್ತಕದಲ್ಲಿದೆ.

● ಚೀನಾಕ್ಕೆ ಬಂದಿಳಿದ 24 ಗಂಟೆಯೊಳಗೆ ಪೊಲೀಸ್ ಠಾಣೆಯಲ್ಲಿ ವಾಸದ ವಿಳಾಸ ನೋಂದಾಯಿಸಬೇಕು. ಹೋಟೆಲಿನಲ್ಲಿ ತಂಗಿದರೆ ಹೋಟೆಲಿನವರೇ ಆ ಕೆಲಸ ಮುಗಿಸುತ್ತಾರೆ. ಮನೆ ಹಿಡಿದರೆ ಪಾಸ್‌ಪೋರ್ಟ್, ಬಾಡಿಗೆ ಕರಾರು ಹಿಡಿದು ತಾನೇ ಹೋಗಬೇಕು. ಮರೆತರೆ 2,000 ಯುವಾನ್‌ವರೆಗೆ ದಂಡ. ಕೆಲಸದ ವೀಸಾದ ಹೆಸರು ‘ಝಡ್’. ಅದು ದೇಶದೊಳಗೆ ಬರಲು ಮಾತ್ರ ರಹದಾರಿ. ಬಂದ ಮೇಲೆ 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ನಡುವೆ ಸರಕಾರಿ ಕೇಂದ್ರದಲ್ಲಿ ರಕ್ತಪರೀಕ್ಷೆ, ಎಕ್ಸ್‌ರೇ, ಇಸಿಜಿಗಳ ಸರದಿ. ಪಾಠ ಶುರುವಾಗುವ ಮೊದಲೇ ಮೇಷ್ಟ್ರ ಎದೆಗೂಡಿನ ಚಿತ್ರ ಸರಕಾರದ ಕೈಯಲ್ಲಿರುತ್ತದೆ.

● ಪದವಿ ಪತ್ರವನ್ನು ತಮ್ಮ ದೇಶದ ಚೀನೀ ರಾಯಭಾರ ಕಚೇರಿಗೆ ಒಯ್ದು ಮುದ್ರೆ ಹಾಕಿಸಿಕೊಳ್ಳುವ ಅಲೆದಾಟ ಅಮೆರಿಕ, ಬ್ರಿಟನ್ನಿನ ಶಿಕ್ಷಕರಿಗೆ ತಪ್ಪಿದ್ದು ತೀರ ಈಚೆಗೆ. ದಾಖಲೆಗಳನ್ನು ಸರಳವಾಗಿ ದೃಢೀಕರಿಸುವ ಅಪೊಸ್ಟಿಲ್ ಒಪ್ಪಂದ ಚೀನಾದಲ್ಲಿ ಜಾರಿಗೆ ಬಂದದ್ದು 2023ರ ನವೆಂಬರ್ 7ರಂದು.

● ಕಾಲೇಜಿನಲ್ಲಿ ಕೆಲಸ ಸಿಕ್ಕರೆ ಮನೆಯ ಚಿಂತೆ ಇಲ್ಲ. ಕ್ಯಾಂಪಸ್ಸಿನೊಳಗೇ ಬಾಡಿಗೆಯಿಲ್ಲದ ಮನೆ ಕೊಡುವುದು, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ವಿಮಾನದ ಖರ್ಚು ಕೊಡುವುದು ಹಳೆಯ ವಾಡಿಕೆ. ಬೀಜಿಂಗ್‌ನ ‘ಫ್ರೆಂಡ್‌ಶಿಪ್ ಹೋಟೆಲ್’ ಈ ವಾಡಿಕೆಯ ದೊಡ್ಡ ಗುರುತು. 1954ರಲ್ಲಿ ಸೋವಿಯತ್ ತಜ್ಞರಿಗೆಂದು ಕಟ್ಟಿದ ಆ ವಸತಿ ಸಮುಚ್ಚಯ, ರಷ್ಯನ್ನರು ಹೊರಟುಹೋದ ಮೇಲೆ ಇತರ ದೇಶಗಳ ಶಿಕ್ಷಕರಿಗೆ, ಅನುವಾದಕರಿಗೆ ನೆಲೆಯಾಯಿತು.

● ರಷ್ಯನ್ನರ ಜೊತೆ ರಷ್ಯನ್ ಭಾಷೆಯೂ ಹಿಂದೆ ಸರಿಯಿತು. 1950ರ ದಶಕದಲ್ಲಿ ಚೀನಾದ ಶಾಲೆಗಳಲ್ಲಿ ಮೊದಲ ಪರಭಾಷೆ ರಷ್ಯನ್. ಎರಡು ದೇಶಗಳ ಸ್ನೇಹ ಮುರಿದುಬಿದ್ದಾಗ ರಷ್ಯನ್ ಕಲಿಸುತ್ತಿದ್ದ ಎಷ್ಟೋ ಮೇಷ್ಟ್ರುಗಳು ನಡುವಯಸ್ಸಿನಲ್ಲಿ ಕೂತು ಇಂಗ್ಲಿಷ್ ಕಲಿತು, ಕಲಿತದ್ದನ್ನು ಕಲಿಸಬೇಕಾಯಿತು. ಅವರ ಬಗ್ಗೆ ಯಾರೂ ಪುಸ್ತಕ ಓದುವುದಿಲ್ಲ. ಅವರ ಶ್ರಮ ಸಣ್ಣದಲ್ಲ.

● 1980ರ ದಶಕದಲ್ಲಿ ಹೋದ ಶಿಕ್ಷಕರ ಜೇಬಿನಲ್ಲಿ ಎರಡು ಬಗೆಯ ನೋಟು. ಒಂದು ಜನಸಾಮಾನ್ಯರ ಯುವಾನ್. ಇನ್ನೊಂದು 1980ರಲ್ಲಿ ಹೊರಡಿಸಿದ, ವಿದೇಶಿಯರಿಗೆಂದೇ ಇದ್ದ ವಿನಿಮಯ ಪತ್ರ. ‘ಫ್ರೆಂಡ್‌ಶಿಪ್ ಸ್ಟೋರ್’ ಎಂಬ ಮಳಿಗೆಗಳಲ್ಲಿ ಆಮದು ಸರಕು ಸಿಗುತ್ತಿದ್ದದ್ದು ಈ ಎರಡನೆಯದಕ್ಕೆ. 1990ರ ದಶಕದ ನಡುವಿಗೆ ಅದು ಇತಿಹಾಸ ಸೇರಿತು.

● ಇಂದು? ನೋಟೇ ಅಪರೂಪ. ಬೀದಿಬದಿಯಲ್ಲಿ ‘ಜಿಯೆನ್‌ಬಿಂಗ್’ ಎಂಬ ಮೊಟ್ಟೆದೋಸೆ ಹುಯ್ಯುವ ಗಾಡಿಯಿಂದ ಹಿಡಿದು ಮನೆ ಬಾಡಿಗೆಯವರೆಗೆ ಎಲ್ಲವೂ ವೀಚಾಟ್ ಅಥವಾ ಅಲಿಪೇ. ಚೀನೀ ಬ್ಯಾಂಕ್ ಖಾತೆ ತೆರೆಯುವ ತನಕ ಹೊಸದಾಗಿ ಬಂದವರ ಪಾಡು ಕಷ್ಟದ್ದಾಗಿತ್ತು. 2023ರ ನಡುವಿನಿಂದ ವಿದೇಶಿ ಕಾರ್ಡ್‌ಗಳನ್ನೂ ಈ ಆ್ಯಪ್‌ಗಳಿಗೆ ಜೋಡಿಸುವುದು ಸುಲಭವಾಗಿದೆ. ವೀಚಾಟ್ ಹುಟ್ಟಿದ್ದು 2011ರ ಜನವರಿಯಲ್ಲಿ. ಶಿಕ್ಷಕರಿಗೆ ಅದೇ ಪರ್ಸು, ಅದೇ ಸ್ಟಾಫ್ ರೂಮು, ಅದೇ ಪೋಷಕರ ಸಭೆ. ನಾಳೆ ತರಗತಿ ಬದಲಾಗಿದೆ ಎಂಬ ಸುದ್ದಿ ರಾತ್ರಿ ಹತ್ತಕ್ಕೆ ಬರುವುದೂ ಅಲ್ಲಿಯೇ.

● ಗೂಗಲ್, ಯೂಟ್ಯೂಬ್, ಫೇಸ್‌ಬುಕ್, ವಾಟ್ಸ್ಯಾಪ್ ಅಲ್ಲಿ ತೆರೆಯವು. 2019ರಿಂದ ವಿಕಿಪೀಡಿಯಾದ ಎಲ್ಲ ಭಾಷೆಗಳ ಆವೃತ್ತಿಗಳೂ ಬಂದ್, ನಮ್ಮ ಕನ್ನಡ ವಿಕಿಪೀಡಿಯಾವೂ ಸೇರಿ. ಪಾಠಕ್ಕೆ ವಿಡಿಯೊ ಬೇಕಿದ್ದರೆ ಊರಿನಿಂದ ಹೊರಡುವ ಮೊದಲೇ ಇಳಿಸಿಟ್ಟುಕೊಳ್ಳುವುದು ಅನುಭವಸ್ಥರ ಕ್ರಮ.

● ಈಗ ತರಗತಿಯೊಳಗೆ ಬನ್ನಿ. ಸರಕಾರಿ ಶಾಲೆಯಲ್ಲಿ ವಿದೇಶಿ ಶಿಕ್ಷಕರಿಗೆ ಸಾಮಾನ್ಯವಾಗಿ ಒಪ್ಪಿಸುವುದು ‘ಮೌಖಿಕ ಇಂಗ್ಲಿಷ್’. ಒಂದು ಸೆಕ್ಷನ್‌ಗೆ ವಾರಕ್ಕೆ ಒಂದೇ ಪಿರಿಯಡ್ಡು, ನಲವತ್ತು ಅಥವಾ ನಲವತ್ತೈದು ನಿಮಿಷ. ಸೆಕ್ಷನ್ನುಗಳು ಹದಿನೈದು ಇಪ್ಪತ್ತು. ಒಂದೊಂದರಲ್ಲಿ ನಲವತ್ತರಿಂದ ಅರವತ್ತು ಮಕ್ಕಳು. ಲೆಕ್ಕ ಹಾಕಿ ನೋಡಿ: ಒಂದು ವಾರದಲ್ಲಿ ಏಳೆಂಟುನೂರು ಮುಖಗಳು. ಒಂದು ಮಗುವಿನ ಪಾಲಿಗೆ ಬಾಯಿ ಬಿಟ್ಟು ಮಾತಾಡಲು ಸಿಗುವುದು ಒಂದು ನಿಮಿಷಕ್ಕೂ ಕಡಿಮೆ. ವ್ಯಾಕರಣ, ಶಬ್ದಪಟ್ಟಿ, ಪರೀಕ್ಷೆಯ ತಯಾರಿ ಎಲ್ಲವೂ ಚೀನೀ ಸಹೋದ್ಯೋಗಿಯ ಹೆಗಲ ಮೇಲೆ. ಆ ಸಹೋದ್ಯೋಗಿಯೇ ನಿಜವಾದ ಇಂಗ್ಲಿಷ್ ಮೇಷ್ಟ್ರು ಎಂದು ಒಪ್ಪಿಕೊಂಡ ವಿದೇಶಿಗರು ಚೆನ್ನಾಗಿ ಬಾಳುತ್ತಾರೆ.

● ಯಾಕೆ ಹೀಗೆ? ಉತ್ತರ ಒಂದೇ: ‘ಗಾವ್‌ಕಾವ್’. ಜೂನ್ 7ರಂದು ಶುರುವಾಗುವ ಕಾಲೇಜು ಪ್ರವೇಶ ಪರೀಕ್ಷೆ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ನಿಂತುಹೋಗಿದ್ದು 1977ರಲ್ಲಿ ಮರಳಿ ಬಂತು. ಒಟ್ಟು 750 ಅಂಕಗಳಲ್ಲಿ ಇಂಗ್ಲಿಷ್‌ಗೆ 150. ಚೀನೀ ಭಾಷೆಗೂ ಗಣಿತಕ್ಕೂ ಅಷ್ಟೇ. ಗ್ವಾಂಗ್‌ಡಾಂಗ್‌ನಂಥ ಕೆಲವು ಕಡೆ ಬಿಟ್ಟರೆ ಮಾತಾಡುವ ಪರೀಕ್ಷೆಗೆ ಅದರಲ್ಲಿ ಜಾಗವಿಲ್ಲ. ಹತ್ತು ವರ್ಷ ಓದಿ, ಕಠಿಣ ವಾಕ್ಯಗಳನ್ನು ಬಿಡಿಸಿ, ಎದುರಿಗೆ ಯಾರಾದರೂ ಬಂದು ಮಾತಾಡಿಸಿದರೆ ತುಟಿ ಬಿಚ್ಚಲಾಗದ ಸ್ಥಿತಿಗೆ ಚೀನೀಯರೇ ‘ಮೂಕ ಇಂಗ್ಲಿಷ್’ ಎಂದು ಹೆಸರಿಟ್ಟಿದ್ದಾರೆ. ಕನ್ನಡ ಶಾಲೆಯಲ್ಲಿ ಓದಿ ಪಿಯುಸಿಯಲ್ಲಿ ಇಂಗ್ಲಿಷಿಗೆ ಬೆವತ ಯಾರಿಗಾದರೂ ಆ ಮಕ್ಕಳ ಮೌನ ಅರ್ಥವಾಗುತ್ತದೆ. ಅದು ದಡ್ಡತನವಲ್ಲ, ತಪ್ಪಿಗೆ ಹೆದರಿದ ಮೌನ.

● ಆ ಮೌನ ಮುರಿಯಲು ಲಿ ಯಾಂಗ್ ಎಂಬ ಚೀನೀ ಶಿಕ್ಷಕರು ಹಿಡಿದ ದಾರಿ ಕೂಗಾಟ! ಕ್ರೀಡಾಂಗಣಗಳಲ್ಲಿ ಸಾವಿರಾರು ಜನರನ್ನು ಸೇರಿಸಿ ಇಂಗ್ಲಿಷ್ ವಾಕ್ಯಗಳನ್ನು ಗಂಟಲು ಬಿರಿಯುವಂತೆ ಕೂಗಿಸುತ್ತಿದ್ದರು. ‘ಕ್ರೇಜಿ ಇಂಗ್ಲಿಷ್’ ಎಂಬುದು ಅದರ ಹೆಸರು. ನಿರ್ದೇಶಕ ಝಾಂಗ್ ಯುವಾನ್ 1999ರಲ್ಲಿ ಅದೇ ಹೆಸರಿನ ಸಾಕ್ಷ್ಯಚಿತ್ರ ತೆಗೆದರು.

● ‘ಹೌ ಆರ್ ಯೂ?’ ಎಂದು ಕೇಳಿ ನೋಡಿ. ‘ಫೈನ್, ಥ್ಯಾಂಕ್ ಯೂ, ಆ್ಯಂಡ್ ಯೂ?’ ಎಂಬ ಉತ್ತರ ಇಡೀ ತರಗತಿಯಿಂದ ಒಂದೇ ರಾಗದಲ್ಲಿ ಬರುತ್ತದೆ. ಜ್ವರ ಬಂದ ಮಗುವೂ ಹಾಗೆಯೇ ಹೇಳುತ್ತದೆ.

● 1990ರ ದಶಕದಲ್ಲಿ ಶಾಲೆ ಕಲಿತ ಚೀನೀಯರ ಮುಂದೆ ‘ಲಿ ಲೇಯ್, ಹಾನ್ ಮೇಯ್‌ಮೇಯ್’ ಎಂದರೆ ಸಾಕು, ಮುಖ ಅರಳುತ್ತದೆ. ಅವರು ಸಿನಿಮಾ ತಾರೆಯರಲ್ಲ. ಇಂಗ್ಲಿಷ್ ಪಠ್ಯಪುಸ್ತಕದ ಹುಡುಗ, ಹುಡುಗಿ. ಜನ ಶಿಕ್ಷಣ ಪ್ರಕಾಶನವು ಬ್ರಿಟನ್ನಿನ ಲಾಂಗ್‌ಮನ್ ಸಂಸ್ಥೆಯ ಜೊತೆಗೂಡಿ ತಂದ ಪುಸ್ತಕವದು. ಪಾಠದಲ್ಲಿ ಸ್ನೇಹಿತರಾಗಿದ್ದ ಆ ಇಬ್ಬರು ದೊಡ್ಡವರಾಗಿ ಮದುವೆಯಾದರೇ ಎಂದು ಓದುಗರು ವರ್ಷಗಟ್ಟಲೆ ಚರ್ಚಿಸಿದರು. 2017ರಲ್ಲಿ ಅವರ ಮೇಲೆ ಸಿನಿಮಾವೇ ಬಂತು. ನಮ್ಮ ಕಮಲ, ಬಸವರನ್ನು ಈಗಲೂ ಮರೆಯದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

● ಚೀನೀ ಮಕ್ಕಳು ಇಂಗ್ಲಿಷ್ ಮಾತಾಡುವಾಗ ಅಮ್ಮನನ್ನು ‘ಹಿ’ ಎಂದೂ ಅಪ್ಪನನ್ನು ‘ಶಿ’ ಎಂದೂ ಹೇಳಿಬಿಡುವುದುಂಟು. ಜಾಣ ವಿದ್ಯಾರ್ಥಿಗಳೂ ತಪ್ಪುತ್ತಾರೆ. ಅವರ ಆಡುಮಾತಿನಲ್ಲಿ ಅವನು, ಅವಳು ಎರಡಕ್ಕೂ ‘ತಾ’ ಎಂಬ ಒಂದೇ ಉಚ್ಚಾರ; ಬರೆಯುವಾಗ ಮಾತ್ರ ಅಕ್ಷರ ಬೇರೆ. ಸಿಚುವಾನ್, ಹುನಾನ್ ಕಡೆಯ ಮಕ್ಕಳಿಗೆ ‘ನ’ಕಾರ, ‘ಲ’ಕಾರಗಳ ಗೊಂದಲ, ‘ನೈಟ್’ ಹೋಗಿ ‘ಲೈಟ್’ ಆಗುತ್ತದೆ. ಇನ್ನು ಪದದ ಕೊನೆಯ ವ್ಯಂಜನಕ್ಕೆ ಸ್ವರ ಅಂಟಿಸುವ ಅಭ್ಯಾಸ. ಬಸ್ಸು, ಕಾರು, ರೋಡು ಎನ್ನುವ ನಾವು ಅದಕ್ಕೆ ತಪ್ಪು ಹುಡುಕುವುದು ಬೇಡ.

● ದೊಡ್ಡ ಸಂಖ್ಯೆ ಬಂದರೆ ಅಲ್ಲಿನ ಪದವೀಧರರೂ ತಡವರಿಸುತ್ತಾರೆ. ಚೀನೀಯರ ಎಣಿಕೆ ಸಾವಿರದ ಲೆಕ್ಕದಲ್ಲಿ ಸಾಗುವುದಿಲ್ಲ, ಹತ್ತು ಸಾವಿರಕ್ಕೆ ‘ವಾನ್’ ಎಂಬ ಮಾನ, ಅಲ್ಲಿಂದ ಮುಂದೆ ವಾನ್‌ಗಳ ವಾನ್. ಅದನ್ನು ಮಿಲಿಯನ್ನಿಗೆ ಬದಲಾಯಿಸುವಾಗ ಸೊನ್ನೆಗಳು ಕೈಕೊಡುತ್ತವೆ. ಲಕ್ಷ, ಕೋಟಿಗಳಲ್ಲಿ ಯೋಚಿಸುವ ನಮಗೂ ಇದೇ ಪೇಚು. ಆದರೆ ಒಂದರಿಂದ ಹತ್ತರವರೆಗೆ ಒಂದೇ ಕೈಯಲ್ಲಿ ಎಣಿಸಿ ತೋರಿಸುವ ವಿದ್ಯೆ ಅವರದು. ಮಾರುಕಟ್ಟೆಗೆ ಹೋಗುವ ಹೊಸ ಮೇಷ್ಟ್ರಿಗೆ ಮಕ್ಕಳು ಕಲಿಸುವ ಮೊದಲ ಪಾಠ ಅದೇ.

● ಹಾಜರಿ ಪುಸ್ತಕ ತೆರೆದರೆ ವಾಂಗ್, ಲಿ, ಝಾಂಗ್, ಲ್ಯೂ, ಚೆನ್. ಈ ಐದು ಮನೆತನದ ಹೆಸರುಗಳಲ್ಲೇ ಚೀನಾದ ಜನಸಂಖ್ಯೆಯ ಸುಮಾರು ಶೇಕಡಾ 30 ಮಂದಿ ಇದ್ದಾರೆ. ಇದರ ಜೊತೆಗೆ ಇಂಗ್ಲಿಷ್ ತರಗತಿಗೆಂದೇ ಪ್ರತಿ ಮಗುವಿಗೂ ಒಂದು ಇಂಗ್ಲಿಷ್ ಹೆಸರು. ಹಣ್ಣಿನ ಹೆಸರು, ತಿಂಗಳ ಹೆಸರು, ಬಾಸ್ಕೆಟ್‌ಬಾಲ್ ಆಟಗಾರರ ಹೆಸರು, ಏನಾದರೂ ಸರಿ. ಮೇಷ್ಟ್ರೇ ಹೆಸರಿಡಬೇಕು ಎಂದು ಸಾಲು ನಿಲ್ಲುವ ಮಕ್ಕಳೂ ಉಂಟು. ಆ ಹೆಸರು ಕೆಲವರ ಜೊತೆ ಜೀವನಪೂರ್ತಿ ಉಳಿಯುತ್ತದೆ, ಹಾಗಾಗಿ ಯೋಚಿಸಿ ಇಡಬೇಕಾದ ಹೆಸರು ಅದು. ಹೆಸರನ್ನು ಕೆಂಪು ಶಾಯಿಯಲ್ಲಿ ಮಾತ್ರ ಬರೆಯಬೇಡಿ. ಅದು ಅಶುಭ ಎಂಬ ಭಾವನೆ ಇದೆ.

● ಸೋಮವಾರ ಬೆಳಿಗ್ಗೆ ಧ್ವಜಾರೋಹಣ. ತರಗತಿ ಗುಡಿಸಿ ಒರೆಸುವುದು ಮಕ್ಕಳದೇ ಸರದಿ. ದಿನದ ನಡುವೆ ಧ್ವನಿವರ್ಧಕದಲ್ಲಿ ಸಂಗೀತ ಕೇಳಿದೊಡನೆ ಎಲ್ಲರೂ ಪುಸ್ತಕ ಮುಚ್ಚಿ, ಕಣ್ಣು ಮುಚ್ಚಿ, ಹುಬ್ಬಿನ ಸುತ್ತ ಬೆರಳಿನಿಂದ ತೀಡತೊಡಗುತ್ತಾರೆ. ಕಣ್ಣಿನ ಈ ವ್ಯಾಯಾಮ 1963ರಿಂದ ನಡೆದುಬಂದಿದೆ. ಮಧ್ಯಾಹ್ನ ಊಟದ ಮೇಲೆ ನಿದ್ದೆ. ಮೇಜಿನ ಮೇಲೆ ತಲೆಯಿಟ್ಟು ಮಕ್ಕಳು, ಸ್ಟಾಫ್ ರೂಮಿನಲ್ಲಿ ಮಡಚುಮಂಚ ಬಿಚ್ಚಿ ಶಿಕ್ಷಕರು. ಆ ಹೊತ್ತಿನಲ್ಲಿ ಯಾರಿಗೂ ಫೋನ್ ಮಾಡಬಾರದು.

● ಚಳಿಗಾಲದಲ್ಲಿ ಎಲ್ಲಿ ಕೆಲಸ ಎಂಬುದು ಬಹಳ ಮುಖ್ಯ. ಚಿನ್‌ಲಿಂಗ್ ಬೆಟ್ಟಸಾಲು ಮತ್ತು ಹ್ವಾಯ್ ನದಿಯನ್ನು ಜೋಡಿಸುವ ಗೆರೆಯ ಉತ್ತರಕ್ಕೆ ಸರಕಾರವೇ ಕೊಳವೆಗಳಲ್ಲಿ ಬಿಸಿ ಹರಿಸುತ್ತದೆ. ಬೀಜಿಂಗ್‌ನಲ್ಲಿ ನವೆಂಬರ್ 15ರಿಂದ ಮಾರ್ಚ್ 15ರವರೆಗೆ. ಗೆರೆಯ ದಕ್ಷಿಣಕ್ಕೆ ಆ ಸೌಕರ್ಯ ಇಲ್ಲ. ಹಿಮದ ಹಾರ್ಬಿನ್‌ನಲ್ಲಿ ಮೇಷ್ಟ್ರು ತೆಳುವಾದ ಅಂಗಿಯಲ್ಲಿ ಪಾಠ ಮಾಡಿದರೆ, ಚಾಂಗ್‌ಷಾದಲ್ಲಿ ಕೋಟು, ಮಫ್ಲರು ತೆಗೆಯದೆ ಕರಿಹಲಗೆಯ ಮೇಲೆ ಬರೆಯುತ್ತಾರೆ. ಜೊತೆಗೊಂದು ಬಿಸಿನೀರಿನ ಫ್ಲಾಸ್ಕ್. ತಣ್ಣೀರು ಕುಡಿಯುವವರನ್ನು ಕಂಡರೆ ಚೀನೀ ಸಹೋದ್ಯೋಗಿಗಳು ಕಳವಳದಿಂದ ಬುದ್ಧಿ ಹೇಳುತ್ತಾರೆ. ರೈಲು, ಆಸ್ಪತ್ರೆ, ಶಾಲೆ ಎಲ್ಲೆಲ್ಲೂ ಕುದಿನೀರಿನ ನಲ್ಲಿ ಇರುತ್ತದೆ.

● ಇಡೀ ಚೀನಾಕ್ಕೆ ಒಂದೇ ಗಡಿಯಾರ, ಬೀಜಿಂಗ್‌ನದು. ಪಶ್ಚಿಮದ ಉರುಮ್ಚಿಯಲ್ಲಿ ಸೂರ್ಯ ಸುಮಾರು ಎರಡು ಗಂಟೆ ತಡವಾಗಿ ಏಳುವುದರಿಂದ ಅಲ್ಲಿನ ಶಾಲೆ ಕಚೇರಿಗಳೂ ತಡವಾಗಿ ತೆರೆಯುತ್ತವೆ.

● ರಜೆಯ ಲೆಕ್ಕ ಇನ್ನೂ ವಿಚಿತ್ರ. ಅಕ್ಟೋಬರ್ 1ರ ರಾಷ್ಟ್ರೀಯ ದಿನಕ್ಕೆ ಒಂದು ವಾರ ರಜೆ ಸಿಗುತ್ತದೆ. ಆದರೆ ಆ ವಾರ ಸಲೀಸಾಗಿ ಬರುವುದಿಲ್ಲ. ಹಿಂದಿನ ಅಥವಾ ಮುಂದಿನ ಶನಿವಾರ, ಭಾನುವಾರಗಳಲ್ಲಿ ಕೆಲಸ ಮಾಡಿ ತೀರಿಸಬೇಕು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಗುರುವಾರದ ವೇಳಾಪಟ್ಟಿಯ ಪಾಠ ಎಂದರೆ ಅಲ್ಲಿ ಯಾರೂ ಅಚ್ಚರಿಪಡುವುದಿಲ್ಲ. ಕಾಲೇಜಿನ ಮೊದಲ ವರ್ಷದವರಿಗೆ ಸೆಪ್ಟೆಂಬರ್‌ನಲ್ಲಿ ಸೈನಿಕ ಶಿಸ್ತಿನ ತರಬೇತಿ. ಅದು ಮುಗಿಯುವವರೆಗೆ ಅವರ ಇಂಗ್ಲಿಷ್ ತರಗತಿ ಖಾಲಿ. ಸೆಪ್ಟೆಂಬರ್ 10 ಶಿಕ್ಷಕರ ದಿನ, 1985ರಿಂದ.

● ಕ್ಯಾಂಟೀನಿನಲ್ಲಿ ಕಾರ್ಡ್ ಒತ್ತಿದರೆ ಊಟ. ಹನ್ನೆರಡಕ್ಕೆ ಸರಿಯಾಗಿ ನೂಕುನುಗ್ಗಲು, ಸಂಜೆ ಐದೂವರೆಗೆ ರಾತ್ರಿಯೂಟ. ಸಸ್ಯಾಹಾರಿಗಳು ಎಚ್ಚರ: ತೋಫು ಎಂದು ತಟ್ಟೆಗೆ ಹಾಕಿಸಿಕೊಂಡರೆ ಅದರಲ್ಲಿ ಕೊಚ್ಚಿದ ಮಾಂಸ ಇರಬಹುದು. ಎಳೆ ಎಳೆಯಾಗಿ ಹೆಚ್ಚಿ ಹುರಿದ ಆಲೂಗಡ್ಡೆ, ಬೆಳ್ಳುಳ್ಳಿ ಹಾಕಿದ ಸೊಪ್ಪು ಬಹಳ ಮಂದಿಯ ಆಧಾರ. ಮೊಟ್ಟೆ ತಿನ್ನುವವರಾದರೆ ಟೊಮೆಟೊ ಮೊಟ್ಟೆ ಪಲ್ಯ ದೇಶದ ಯಾವ ಮೂಲೆಯಲ್ಲೂ ಸಿಗುತ್ತದೆ.

● ಕೆಲವು ಮೇಷ್ಟ್ರುಗಳ ಕತೆಯನ್ನು ಎರಡೇ ಸಾಲಿಗೆ ಇಳಿಸಲಾಗದು. 1919ರಲ್ಲಿ ಸ್ಕಾಟ್ಲೆಂಡಿನ ರೆಜಿನಾಲ್ಡ್ ಜಾನ್‌ಸ್ಟನ್ ನಿಷೇಧಿತ ನಗರಿಯೊಳಕ್ಕೆ ಇಂಗ್ಲಿಷ್ ಗುರುವಾಗಿ ಹೋದರು. ಶಿಷ್ಯ ಕೊನೆಯ ಚಕ್ರವರ್ತಿ ಪೂಯಿ. ಗದ್ದುಗೆ ಕಳೆದುಕೊಂಡಿದ್ದರೂ ಅರಮನೆ ಬಿಟ್ಟು ಹೊರಬಾರದ ಹದಿಮೂರರ ಹುಡುಗ. ಅವನ ದೃಷ್ಟಿ ಮಂಜಾಗಿದೆ ಎಂದು ಕಂಡುಹಿಡಿದವರು ಜಾನ್‌ಸ್ಟನ್. ಚಕ್ರವರ್ತಿ ಕನ್ನಡಕ ಹಾಕುವುದೇ ಎಂದು ಅಂತಃಪುರದ ಹಿರಿಯರು ಅಡ್ಡಬಂದಾಗ, ರಾಜೀನಾಮೆ ಕೊಡುತ್ತೇನೆ ಎಂದು ಪಟ್ಟು ಹಿಡಿದು ಕನ್ನಡಕ ಹಾಕಿಸಿದರು. ಪೂಯಿ ಸೈಕಲ್ ಕಲಿತು, ತುಳಿಯಲು ಅಡ್ಡವಾಗುತ್ತವೆಂದು ಅರಮನೆಯ ಹೊಸ್ತಿಲುಗಳನ್ನೇ ಕತ್ತರಿಸಿಹಾಕಿಸಿದ.

● 1937ರಲ್ಲಿ ಬ್ರಿಟಿಷ್ ಕವಿ, ವಿಮರ್ಶಕ ವಿಲಿಯಂ ಎಂಪ್ಸನ್ ಕಲಿಸಲು ಬಂದಾಗ ಜಪಾನಿನ ಸೇನೆ ಬೀಜಿಂಗ್ ಹಿಡಿದಿತ್ತು. ವಿಶ್ವವಿದ್ಯಾಲಯಗಳೇ ಗುಳೆ ಹೊರಟಿದ್ದವು. ಹುನಾನಿನ ನಾನ್ಯುವೆ ಬೆಟ್ಟದ ತಪ್ಪಲಲ್ಲಿ ಗ್ರಂಥಾಲಯವಿಲ್ಲ, ಪುಸ್ತಕಗಳಿಲ್ಲ. ಎಂಪ್ಸನ್ ನೆನಪಿನಿಂದಲೇ ಇಂಗ್ಲಿಷ್ ಕಾವ್ಯವನ್ನು ಒಪ್ಪಿಸಿ ಪಾಠ ಮಾಡಿದರು. ಯುದ್ಧ ಹತ್ತಿರ ಬಂದಾಗ ಚಾಂಗ್‌ಷಾದಿಂದ ಕುನ್‌ಮಿಂಗ್‌ಗೆ ವಿದ್ಯಾರ್ಥಿಗಳ, ಅಧ್ಯಾಪಕರ ಒಂದು ತಂಡ ಸುಮಾರು 1,600 ಕಿ.ಮೀ. ದೂರವನ್ನು ಬಹುಪಾಲು ಕಾಲ್ನಡಿಗೆಯಲ್ಲೇ ಕ್ರಮಿಸಿತು. ಎಂಪ್ಸನ್ ಯುನ್ನಾನಿಗೂ ಹೋಗಿ 1939ರವರೆಗೆ ಕಲಿಸಿದರು. ಅವರ ಪಾಠ ಕೇಳಿದ ಹುಡುಗರಲ್ಲಿ ಕೆಲವರು ಆಧುನಿಕ ಚೀನೀ ಕಾವ್ಯದ ದೊಡ್ಡ ಹೆಸರುಗಳಾದರು.

● ಹುನಾನಿನದೇ ಇನ್ನೊಂದು ಕತೆ. 1982ರಲ್ಲಿ ಚಾಂಗ್‌ಷಾದ ವೈದ್ಯಕೀಯ ಕಾಲೇಜಿಗೆ ಇಂಗ್ಲಿಷ್ ಕಲಿಸಲು ಬಂದ ಅಮೆರಿಕದ ಯುವಕ ಮಾರ್ಕ್ ಸಾಲ್ಜ್‌ಮನ್‌ಗೆ ಕುಂಗ್‌ಫು ಹುಚ್ಚು. ಪಾನ್ ಚಿಂಗ್‌ಫು ಎಂಬ ಪ್ರಖ್ಯಾತ ಸಮರಕಲೆಯ ಗುರು ಅವನನ್ನು ಶಿಷ್ಯನಾಗಿ ಒಪ್ಪಿಕೊಂಡರು, ಬದಲಿಗೆ ಇಂಗ್ಲಿಷ್ ಪಾಠ ಹೇಳಿಸಿಕೊಂಡರು. ಒಬ್ಬರಿಗೊಬ್ಬರು ಗುರು, ಒಬ್ಬರಿಗೊಬ್ಬರು ಶಿಷ್ಯ. ಆ ನೆನಪುಗಳ ‘ಐರನ್ ಅಂಡ್ ಸಿಲ್ಕ್’ 1986ರಲ್ಲಿ ಪುಸ್ತಕವಾಗಿ, ಮುಂದೆ ಸಿನಿಮಾ ಆಗಿ ಬಂತು. ಸಿನಿಮಾದಲ್ಲಿ ಇಬ್ಬರೂ ತಮ್ಮ ಪಾತ್ರವನ್ನು ತಾವೇ ಮಾಡಿದ್ದಾರೆ.

● ಅದೇ 1982ರಲ್ಲಿ ಚೀನಾದ ಸರಕಾರಿ ಟಿ.ವಿ.ಯಲ್ಲಿ ಬಿಬಿಸಿಯ ‘ಫಾಲೋ ಮೀ’ ಎಂಬ ಇಂಗ್ಲಿಷ್ ಪಾಠಸರಣಿ ಬಂತು. ಅದನ್ನು ನಡೆಸಿಕೊಟ್ಟ ಕ್ಯಾಥಿ ಫ್ಲವರ್ ಎಂಬ ಬ್ರಿಟಿಷ್ ಶಿಕ್ಷಕಿ ದೇಶಕ್ಕೆ ದೇಶವೇ ಗುರುತಿಸುವ ಮುಖವಾದರು. ಬೀದಿಗೊಂದು ಟಿ.ವಿ. ಇದ್ದ ಕಾಲ ಅದು.

● ಅಮೆರಿಕದ ‘ಪೀಸ್ ಕೋರ್’ 1993ರಿಂದ 2020ರವರೆಗೆ 1,300ಕ್ಕೂ ಹೆಚ್ಚು ಸ್ವಯಂಸೇವಕರನ್ನು ಚೀನಾಕ್ಕೆ ಕಳಿಸಿತು. ಬಹುತೇಕರು ಇಂಗ್ಲಿಷ್ ಶಿಕ್ಷಕರೇ. ಮಾವೋ ಕಾಲದಲ್ಲಿ ಆ ಹೆಸರನ್ನು ಬೈಗುಳದಂತೆ ಬಳಸಿದ್ದರಿಂದ ಚೀನೀ ಭಾಷೆಯಲ್ಲಿ ಅವರನ್ನು ‘ಅಮೆರಿಕ–ಚೀನಾ ಸ್ನೇಹ ಸ್ವಯಂಸೇವಕರು’ ಎಂದು ಕರೆಯಲಾಯಿತು. ಅವರಲ್ಲೊಬ್ಬರು ಪೀಟರ್ ಹೆಸ್ಲರ್. 1996ರಲ್ಲಿ ಯಾಂಗ್ಟ್ಸೆ ಮತ್ತು ವು ನದಿಗಳು ಸೇರುವ ಫುಲಿಂಗ್ ಎಂಬ ಊರಿನ ಶಿಕ್ಷಕರ ತರಬೇತಿ ಕಾಲೇಜಿಗೆ ಬಂದರು. ಊರು ತುಂಬ ಮೆಟ್ಟಿಲು, ಕಡಿದಾದ ಏರು. ಸೈಕಲ್ ತುಳಿಯಲು ಆಗದ ಊರು. ರೈತರ ಮನೆಗಳಿಂದ ಬಂದ ಹುಡುಗ ಹುಡುಗಿಯರಿಗೆ ಅವರು ಷೇಕ್ಸ್‌ಪಿಯರ್ ನಾಟಕ ಕಲಿಸಿ ಆಡಿಸಿದರು. ಆ ಹುಡುಗರೆಲ್ಲ ಮುಂದೆ ಹಳ್ಳಿ ಶಾಲೆಗಳಲ್ಲಿ ಇಂಗ್ಲಿಷ್ ಮೇಷ್ಟ್ರಾಗುವವರು. ಅಂದರೆ ಒಂದು ತರಗತಿಯಲ್ಲಿ ಬಿತ್ತಿದ್ದು ನೂರು ಹಳ್ಳಿಯಲ್ಲಿ ಮೊಳೆಯಬಹುದಿತ್ತು. ‘ರಿವರ್ ಟೌನ್’ ಎಂಬ ಪುಸ್ತಕ ಬಂದದ್ದು 2001ರಲ್ಲಿ.

ಆ ಊರಿನ ನದಿಯೊಳಗೆ ‘ಬಾಯ್‌ಹೆಲಿಯಾಂಗ್’ ಎಂಬ ಬಂಡೆಸಾಲು ಇದೆ. ನೀರು ಎಷ್ಟು ಇಳಿಯಿತು ಎಂಬುದಕ್ಕೆ ಬಂಡೆಯ ಮೇಲೆ ಕೆತ್ತಿದ ಮೀನುಗಳು ಗುರುತು, 1,200 ವರ್ಷಗಳ ದಾಖಲೆ. ತ್ರೀ ಗಾರ್ಜಸ್ ಅಣೆಕಟ್ಟೆಯಿಂದ ಅದು ಮುಳುಗಿತು. ಈಗ ಅದನ್ನು ನೋಡಲು ನೀರಿನಡಿಯ ವಸ್ತುಸಂಗ್ರಹಾಲಯವಿದೆ, 2009ರಲ್ಲಿ ತೆರೆದದ್ದು. ಹೆಸ್ಲರ್ 2019ರಲ್ಲಿ ಮತ್ತೆ ಚೀನಾಕ್ಕೆ ಮರಳಿ ಚೆಂಗ್ಡುವಿನ ಸಿಚುವಾನ್ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. 2021ರಲ್ಲಿ ಅವರ ಕರಾರು ಮುಂದುವರಿಯಲಿಲ್ಲ.

● ಇವರೆಲ್ಲರಿಗಿಂತ ಹೆಚ್ಚು ಕಾಲ ಉಳಿದವರು ಇಸಬೆಲ್ ಕ್ರುಕ್. ಕೆನಡಾದ ಮಿಷನರಿ ದಂಪತಿಯ ಮಗಳಾಗಿ 1915ರಲ್ಲಿ ಚೆಂಗ್ಡುವಿನಲ್ಲಿ ಹುಟ್ಟಿದರು. ಬ್ರಿಟಿಷ್ ಪತಿ ಡೇವಿಡ್ ಜೊತೆ ಹಳ್ಳಿಗಳಲ್ಲಿ ಮಾನವಶಾಸ್ತ್ರದ ಅಧ್ಯಯನ ನಡೆಸುತ್ತಿದ್ದಾಗ, 1948ರಲ್ಲಿ ಕಮ್ಯುನಿಸ್ಟರ ಹೊಸ ಭಾಷಾ ಶಾಲೆಯಲ್ಲಿ ಕಲಿಸುವಂತೆ ಕರೆ ಬಂತು. ಆ ಹಳ್ಳಿಶಾಲೆಯೇ ಬೆಳೆದು ಇಂದಿನ ಬೀಜಿಂಗ್ ವಿದೇಶಿ ಭಾಷಾ ವಿಶ್ವವಿದ್ಯಾಲಯವಾಯಿತು. ಹೊಸ ಚೀನಾದ ಎಷ್ಟೋ ರಾಜತಾಂತ್ರಿಕರು ಈ ದಂಪತಿಯ ಕೈಯಲ್ಲಿ ಇಂಗ್ಲಿಷ್ ಕಲಿತವರು. ಆದರೂ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ, 1967ರಲ್ಲಿ, ಬೇಹುಗಾರನೆಂಬ ಆರೋಪ ಹೊರಿಸಿ ಡೇವಿಡ್ ಅವರನ್ನು ಐದು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿಟ್ಟರು. ಇಸಬೆಲ್ ಅವರನ್ನೂ ಕ್ಯಾಂಪಸ್ಸಿನಲ್ಲೇ ಬಂಧನದಲ್ಲಿ ಇರಿಸಿದ್ದರು. ಬಿಡುಗಡೆಯಾದ ಮೇಲೆ ಊರು ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ, ಇಬ್ಬರೂ ಅದೇ ತರಗತಿಗಳಿಗೆ ಮರಳಿದರು. ಡೇವಿಡ್ 2000ದಲ್ಲಿ ತೀರಿಕೊಂಡರು. 2019ರಲ್ಲಿ ಚೀನಾ ಸರಕಾರ ಇಸಬೆಲ್ ಅವರಿಗೆ ವಿದೇಶಿಯರಿಗೆ ಮೀಸಲಾದ ಅತ್ಯುನ್ನತ ಗೌರವವಾದ ‘ಸ್ನೇಹ ಪದಕ’ ಕೊಟ್ಟಿತು. 2023ರಲ್ಲಿ ಬೀಜಿಂಗ್‌ನಲ್ಲೇ ಕಣ್ಣು ಮುಚ್ಚಿದಾಗ ಅವರಿಗೆ 107 ವರ್ಷ. ಈ ಬರಹದಲ್ಲಿ ಒಂದೇ ಹೆಸರು ನೆನಪಿಡುವುದಾದರೆ ಇದನ್ನು ನೆನಪಿಡಿ.

● ವೀಸಾ ಇಲ್ಲದೆ, ವಿಮಾನ ಹತ್ತದೆ ಚೀನೀ ಮಕ್ಕಳಿಗೆ ಕಲಿಸಿದವರೂ ಇದ್ದರು. 2013ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿದ ‘ವಿಐಪಿಕಿಡ್’ ಮುಂತಾದ ಕಂಪನಿಗಳಿಗಾಗಿ ಅಮೆರಿಕದ ಶಿಕ್ಷಕಿಯರು ನಸುಕಿನಲ್ಲೆದ್ದು ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ಅವರ ನಸುಕು ಚೀನೀ ಮಕ್ಕಳ ಸಂಜೆ. 2021ರ ಜುಲೈನಲ್ಲಿ ಸರಕಾರ ‘ಎರಡು ಹೊರೆ ಇಳಿಕೆ’ ನೀತಿ ತಂದಿತು. ಶಾಲಾ ಮನೆಪಾಠವನ್ನು ಲಾಭದ ವ್ಯಾಪಾರವಾಗಿ ನಡೆಸುವಂತಿಲ್ಲ, ಹೊರದೇಶದಲ್ಲಿ ಕೂತವರಿಂದ ಪಾಠ ಹೇಳಿಸುವಂತಿಲ್ಲ. ಕೆಲವೇ ತಿಂಗಳಲ್ಲಿ ಆ ಉದ್ಯಮ ಮುದುಡಿತು. ಅದೇ ವರ್ಷ ಶಾಂಘೈ ತನ್ನ ಪ್ರಾಥಮಿಕ ಶಾಲೆಗಳ ಅಂತಿಮ ಪರೀಕ್ಷೆಯಿಂದ ಇಂಗ್ಲಿಷ್ ಅನ್ನು ಕೈಬಿಟ್ಟಿತು. ಮಕ್ಕಳ ಹೊರೆ ಇಳಿಯಬೇಕಾದದ್ದು ನಿಜ. ಆದರೆ ಬಡವರ ಮಗುವಿಗೆ ಇಂಗ್ಲಿಷ್ ಸಿಗುವ ದಾರಿ ಕಿರಿದಾಗದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ, ಅಲ್ಲಿಯೂ ಇಲ್ಲಿಯೂ.

● ಆ ನೀತಿಯಿಂದ ನೆಲಕಚ್ಚಿದ ದೊಡ್ಡ ಸಂಸ್ಥೆ ‘ನ್ಯೂ ಓರಿಯೆಂಟಲ್’, 1993ರಲ್ಲಿ ಯು ಮಿನ್‌ಹೊಂಗ್ ಕಟ್ಟಿದ್ದು. ಕೆಲಸ ಕಳೆದುಕೊಳ್ಳಬೇಕಿದ್ದ ಶಿಕ್ಷಕರನ್ನು ಅದು ನೇರಪ್ರಸಾರದಲ್ಲಿ ಅಕ್ಕಿ, ಜೋಳ ಮಾರಲು ನಿಲ್ಲಿಸಿತು. ದೊಂಗ್ ಯುಹ್ವಿ ಎಂಬ ಇಂಗ್ಲಿಷ್ ಮೇಷ್ಟ್ರು ಬಿಳಿಹಲಗೆ ಹಿಡಿದು, ಮಾರುವ ಪ್ರತಿ ಸರಕಿನ ಇಂಗ್ಲಿಷ್ ಹೆಸರು ಬರೆದು, ಕವಿತೆ ಇತಿಹಾಸ ಬೆರೆಸಿ ಮಾತಾಡತೊಡಗಿದರು. 2022ರ ಜೂನ್‌ನಲ್ಲಿ ದೇಶವೆಲ್ಲ ಅವರ ಮುಂದೆ ಕೂತಿತು.

● ಮುದುಡದೆ ಉಳಿದದ್ದು ‘ಇಂಗ್ಲಿಷ್ ಮೂಲೆ’. ಉದ್ಯಾನದ ಒಂದು ಬದಿಯಲ್ಲಿ ನಿಗದಿತ ವಾರ, ನಿಗದಿತ ಹೊತ್ತಿಗೆ ಅಪರಿಚಿತರು ಸೇರಿ ಇಂಗ್ಲಿಷ್‌ನಲ್ಲಿ ಹರಟುವ ಪದ್ಧತಿ. 1970ರ ದಶಕದ ಕೊನೆಯಲ್ಲಿ ಶಾಂಘೈಯ ಪೀಪಲ್ಸ್ ಪಾರ್ಕ್‌ನಲ್ಲಿ ಹಬ್ಬಿದ ಈ ರೂಢಿಗೆ ಶುಲ್ಕವಿಲ್ಲ, ಹಾಜರಿಯಿಲ್ಲ. ನಿವೃತ್ತ ಎಂಜಿನಿಯರ್, ಶಾಲಾ ಹುಡುಗಿ, ಅಂಗಡಿಯವರು ಎಲ್ಲರೂ ಬರುತ್ತಾರೆ. ವಿದೇಶಿ ಶಿಕ್ಷಕರು ಸುಮ್ಮನೆ ಹೋಗಿ ನಿಂತರೆ ಸಾಕು, ಸುತ್ತ ಗುಂಪು ಕಟ್ಟುತ್ತದೆ. ನಿಮ್ಮ ದೇಶದಲ್ಲಿ ಮನೆ ಬೆಲೆ ಎಷ್ಟು, ನಿಮಗೆ ಸಂಬಳ ಎಷ್ಟು, ಮದುವೆ ಯಾಕೆ ಆಗಿಲ್ಲ? ಈ ಪ್ರಶ್ನೆಗಳಿಗೆ ಮುಖ ಬಿಗಿದುಕೊಳ್ಳುವ ಪಾಶ್ಚಾತ್ಯರು ಇದ್ದಾರೆ. ನಮ್ಮೂರ ಬಸ್ಸಿನಲ್ಲಿ ಪ್ರಯಾಣ ಮಾಡಿದವರಿಗೆ ಇವು ತೀರ ಪರಿಚಿತ.

● ಕೆಲಸ ಬಿಡುವುದಕ್ಕೂ ಕಾಗದ ಬೇಕು. ಶಾಲೆ ‘ಬಿಡುಗಡೆ ಪತ್ರ’ ಬರೆದುಕೊಟ್ಟು, ಹಳೆಯ ಕೆಲಸದ ಪರವಾನಗಿಯನ್ನು ರದ್ದುಮಾಡಿಸಿದ ಮೇಲಷ್ಟೇ ಚೀನಾದಲ್ಲಿ ಇನ್ನೊಂದು ಶಾಲೆ ಸೇರಲು ಸಾಧ್ಯ. ಅನುಭವಸ್ಥರು ಹೊಸಬರಿಗೆ ಮೊದಲ ದಿನವೇ ಹೇಳಿಬಿಡುತ್ತಾರೆ: ಕರಾರಿನಲ್ಲಿ ಸಂಬಳದ ಸಾಲಿಗಿಂತ ಮೊದಲು ಆ ಪತ್ರದ ಸಾಲನ್ನು ಓದಿಕೊಳ್ಳಿ.